ಇಸ್ತ್ರಿ ಹೊಡೆದ ಗಂಟಲು

ಸ್ಪೀಕರಿನಿಂದ ಆ ಒಂದು 'ಆ' ಹೊರಬಿದ್ದದ್ದೇ ತಡ, ಇಸ್ತ್ರಿ ಬೆಚ್ಚಿಬಿದ್ದಳು. ಕೈಯಲ್ಲಿದ್ದ ಟೀ ಲೋಟ ಅಲುಗಿ ಕೀಬೋರ್ಡಿನ ಮೇಲೆ ಚೆಲ್ಲಿತು. ಒರೆಸಬೇಕೆಂಬ ಪರಿವೆಯೂ ಅವಳಿಗಿರಲಿಲ್ಲ. ಅದು ಅವಳ ಅಕ್ಕನ ಧ್ವನಿ. ಈಗಿನ ಅಕ್ಕನದಲ್ಲ, ಇಸ್ತ್ರಿ ಇನ್ನೂ ಶಾಲೆಗೆ ಹೋಗುತ್ತಿದ್ದ ಕಾಲದ ಅಕ್ಕನದು. ಬೀದಿಯ ಕೊನೆಯಲ್ಲಿ ಆಡುತ್ತಿದ್ದರೂ ಊಟಕ್ಕೆ ಕರೆದರೆ ಕಿವಿಗೆ ನೆಟ್ಟಗೆ ಬಂದು ಬೀಳುತ್ತಿತ್ತಲ್ಲ, ಆ ಧ್ವನಿ.

ಇಸ್ತ್ರಿ ಎನ್ನುವುದು ಅವಳ ಹೆಸರಲ್ಲ, ಅವಳ ಕೆಲಸ. ಆ ಪ್ರಯೋಗಶಾಲೆಯಲ್ಲಿ ಮನುಷ್ಯರ ಗಂಟಲನ್ನು ಕಂಪ್ಯೂಟರಿನೊಳಗೆ ಕಟ್ಟುತ್ತಿದ್ದರು. ಮೊದಲು ಸ್ಕ್ಯಾನ್ ಯಂತ್ರದಲ್ಲಿ ಮಲಗಿಸಿ ಗಂಟಲಿನ ಚಿತ್ರ ತೆಗೆಯುವುದು, ಆ ಚಿತ್ರಕ್ಕೆ ಪುಟ್ಟ ಪುಟ್ಟ ತ್ರಿಕೋನಗಳ ಬಲೆ ಹೊದಿಸುವುದು, ಆಮೇಲೆ ಕೆಳಗಿನಿಂದ ಗಾಳಿ ಬಿಡುವುದು. ನಿಜವಾದ ಗಾಳಿಯಲ್ಲ, ಲೆಕ್ಕದ ಗಾಳಿ. ಅದು ಧ್ವನಿಪೆಟ್ಟಿಗೆಯ ಎರಡು ಮಡಿಕೆಗಳ ನಡುವೆ ನುಗ್ಗಿ, ಅವನ್ನು ಪಟಪಟನೆ ಬಡಿಸಿ, ತಾನೂ ತುಂಡು ತುಂಡಾಗಿ ಮೇಲೇರಿ, ಬಾಯಿಯೊಳಗೆಲ್ಲ ಸುತ್ತಾಡಿ ತುಟಿಯಾಚೆ ಬಂದರೆ ಅದೇ ಧ್ವನಿ. ಹೇಳುವುದಕ್ಕೆ ಇಷ್ಟೇ. ಮಾಡಲು ಕೂತರೆ ಸಾಲುಗಟ್ಟಿ ನಿಂತ ಕಂಪ್ಯೂಟರುಗಳು ವಾರಗಟ್ಟಲೆ ಬಿಸಿಯುಸಿರು ಬಿಡಬೇಕು, ಕೊನೆಗೆ ಆಕಳಿಕೆಗಿಂತ ಚಿಕ್ಕದೊಂದು 'ಆ' ಸಿಗಬೇಕು. ಅದೂ ಇಷ್ಟು ದಿನ ಸಿಕ್ಕಿದ್ದೆಲ್ಲ ಎಣ್ಣೆ ಕಾಣದ ಬಾಗಿಲಿನ ಕಿರುಗುಟ್ಟುವಿಕೆ.

ಸ್ಕ್ಯಾನಿನಿಂದ ಬಂದ ಗಂಟಲು ಎಂದೂ ನುಣುಪಾಗಿರುವುದಿಲ್ಲ. ಯಂತ್ರದಲ್ಲಿ ಮಲಗಿದವರು ಉಗುಳು ನುಂಗುತ್ತಾರೆ, ಕೆಮ್ಮುತ್ತಾರೆ, ಉಸಿರು ಹಿಡಿಯಲಾರದೆ ಮಿಸುಕಾಡುತ್ತಾರೆ. ಮಿಸುಕಿದ ಕಡೆಯೆಲ್ಲ ಚಿತ್ರದಲ್ಲಿ ಸುಕ್ಕು, ಉಬ್ಬು, ತಗ್ಗು. ಗಾಳಿಯ ಲೆಕ್ಕಕ್ಕೆ ಸುಕ್ಕು ಆಗಿಬರುವುದಿಲ್ಲ, ಎಲ್ಲೋ ಒಂದು ಕಡೆ ತೊಡರಿ ಇಡೀ ಲೆಕ್ಕ ಮಗುಚಿಕೊಳ್ಳುತ್ತದೆ. ಅದಕ್ಕೇ ಬಲೆಯನ್ನು ಉಜ್ಜಿ ಉಜ್ಜಿ ನುಣುಪು ಮಾಡುವವರೊಬ್ಬರು ಬೇಕು. ಇದಕ್ಕೆ ಅಲ್ಲಿಯವರು ಇಟ್ಟ ಹೆಸರು 'ಇಸ್ತ್ರಿ ಹೊಡೆಯೋದು'. ಎರಡು ಮಡಿಕೆಗಳಲ್ಲಿ ಒಂದು ಚೊಕ್ಕಟವಾಗಿ ಬಂದು ಇನ್ನೊಂದು ಕೆಟ್ಟಿದ್ದರೆ, ಚೊಕ್ಕಟವಾದದ್ದನ್ನೇ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಆಚೆ ಬದಿಗೆ ಅಂಟಿಸುವುದೂ ಉಂಟು. ಈ ಕೆಲಸದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಹೀಗೆ ಅವಳೇ ಇಸ್ತ್ರಿಯಾದಳು. ಅವಳಿಗೂ ಅದರಿಂದ ಒಳಗೊಳಗೇ ಹೆಮ್ಮೆ.

ಅಕ್ಕನನ್ನು ಆ ಯಂತ್ರದೊಳಗೆ ಮಲಗಿಸಿದವಳೂ ಅವಳೇ. "ನಿಮ್ಮಕ್ಕ ರೈಲ್ವೆ ಸ್ಟೇಷನ್ನಲ್ಲಿ ಅನೌನ್ಸರ್ ಅಂತೀಯ. ಊರಿಗೆಲ್ಲ ಗೊತ್ತಿರೋ ಗಂಟಲು. ಅದಕ್ಕಿಂತ ಒಳ್ಳೇದು ಎಲ್ಲಿ ಸಿಗತ್ತಮ್ಮಾ?" ಎಂದು ಗಾಳಿ ಮೇಷ್ಟ್ರು ದುಂಬಾಲು ಬಿದ್ದಿದ್ದರು. ಗಾಳಿ ಮೇಷ್ಟ್ರು ಎಂದರೆ ಪ್ರಯೋಗಶಾಲೆಯ ಮುಖ್ಯಸ್ಥರು. ಊಟಕ್ಕೆ ಕೂತರೂ ಗಾಳಿಯ ಸುಳಿಯ ಮಾತೇ ಆಡುವ ಮಹಾನುಭಾವರು. ಆಗಿನ್ನೂ ಫ್ಯಾನು ಬೇಕೇ ಬೇಕು ಎನ್ನುವ ಸೆಕೆಗಾಲ. ಅಕ್ಕ ರಜೆ ಹಾಕಿ ಬಂದಳು, ಯಂತ್ರದೊಳಗೆ ಮಲಗಿ 'ಆ' ಎಂದಳು, ಎದ್ದು ಬಂದು ಮೈಕಿನ ಮುಂದೆಯೂ 'ಆ' ಎಂದಳು, "ಇಷ್ಟಕ್ಕೆ ನಿಮಗೆಲ್ಲ ಸಂಬಳ ಬೇರೆ ಕೊಡ್ತಾರಾ?" ಎಂದು ತಮಾಷೆ ಮಾಡಿ ಹೋದಳು. ಈಗ ಸ್ವೆಟರ್ ಹೊರಗೆ ತೆಗೆಯುವ ಕಾಲ. ಅಷ್ಟು ತಿಂಗಳ ಲೆಕ್ಕದ ಫಲ ಈ 'ಆ'.

ಗಾಳಿ ಮೇಷ್ಟ್ರು ಕುಣಿಯುವುದೊಂದು ಬಾಕಿ. "ಬಾಗಿಲು ಕಿರುಗುಟ್ಟಲಿಲ್ಲ! ಮನುಷ್ಯಳು! ಸಾಕ್ಷಾತ್ ಮನುಷ್ಯಳ ಧ್ವನಿ!" ಎಂದು ಮೇಜು ಗುದ್ದಿದರು. ಆಮೇಲೆ ನಿಯಮದ ಪ್ರಕಾರ ಅಕ್ಕ ಅವತ್ತು ಮೈಕಿನ ಮುಂದೆ ಹೇಳಿದ್ದ 'ಆ'ವನ್ನೂ ಹಾಕಿ ಹೋಲಿಸಿದರು. ಅದು ಕೇಳಿದರೆ ಗೊರಗೊರ. ನಡುವೆ ಒಂದು ಕಡೆ ದಾರ ತುಂಡಾದ ಹಾಗೆ ಕಡಿದುಹೋಗಿ ಮತ್ತೆ ಸೇರಿಕೊಳ್ಳುತ್ತಿತ್ತು.

"ಇದೇನು, ಹೊಂದೋದೇ ಇಲ್ವಲ್ಲ?" ಎಂದರು ಮೇಷ್ಟ್ರು.

"ಅಕ್ಕಂಗೆ ಅವತ್ತು ನೆಗಡಿ ಇತ್ತು ಅನ್ಸತ್ತೆ ಸರ್," ಎಂದಳು ಇಸ್ತ್ರಿ.

"ಹಂಗಾದ್ರೆ ಸರಿ. ನಮ್ಮ ಲೆಕ್ಕ ಸರಿಯಾಗಿದೆ, ನಿಮ್ಮಕ್ಕ ತಪ್ಪು!" ಎಂದು ಅವರು ಹೊಟ್ಟೆ ಕುಲುಕಿಸಿ ನಕ್ಕರು. ಇಸ್ತ್ರಿಯೂ ನಕ್ಕಳು. ಬದುಕಿರುವ ಮನುಷ್ಯಳಿಗಿಂತ ತಮ್ಮ ಬಲೆಯನ್ನೇ ನಂಬುವಷ್ಟು ಬುದ್ಧಿವಂತರು ಆ ಕೋಣೆಯಲ್ಲಿ ಬೇಕಾದಷ್ಟಿದ್ದರು.

ಆ 'ಆ'ವನ್ನು ಫೋನಿಗೆ ಹಾಕಿಕೊಂಡು ಇಸ್ತ್ರಿ ಮಧ್ಯಾಹ್ನವೇ ಸ್ಟೇಷನ್ನಿಗೆ ಓಡಿದಳು. ಅಕ್ಕನಿಗೆ ಇದಕ್ಕಿಂತ ದೊಡ್ಡ ಉಡುಗೊರೆ ಇನ್ನೇನಿದೆ? ಅಮ್ಮ ಹೋದ ಮೇಲೆ ಅವಳನ್ನು ಸಾಕಿ ಬೆಳೆಸಿದ್ದೇ ಆ ಧ್ವನಿ. ಅನೌನ್ಸರ್ ಪರೀಕ್ಷೆಗೆ ಓದುತ್ತಿದ್ದ ದಿನಗಳಲ್ಲಿ ಅಕ್ಕ ಅವಳನ್ನು ಮಲಗಿಸುತ್ತಿದ್ದದ್ದು ಜೋಗುಳ ಹಾಡಿ ಅಲ್ಲ, ರೈಲಿನ ವೇಳಾಪಟ್ಟಿ ಓದಿ. ಮನೆಯಲ್ಲಿ ಇಸ್ತ್ರಿ ಏನಾದರೂ ಒಡೆದರೆ, ಚೆಲ್ಲಿದರೆ, ಅಕ್ಕ ಸೊಂಟದ ಮೇಲೆ ಕೈಯಿಟ್ಟು ಸ್ಟೇಷನ್ನಿನ ಧಾಟಿಯಲ್ಲಿ "ಅಡಚಣೆಗಾಗಿ..." ಎನ್ನುತ್ತಿದ್ದಳು. ಇವಳು ತಲೆ ತಗ್ಗಿಸಿ "ವಿಷಾದಿಸುತ್ತೇವೆ" ಎಂದು ಮುಗಿಸಬೇಕು. ಮುಗಿಸಿದರೆ ಜಗಳ ಅಲ್ಲಿಗೆ ಮುಗಿಯಿತು. ಆಮೇಲೆ ಆ ಮಾತನ್ನು ಯಾರೂ ಎತ್ತುವ ಹಾಗಿಲ್ಲ. ಇಬ್ಬರೂ ದೊಡ್ಡವರಾಗಿ ಒಂದೇ ಮನೆಯಲ್ಲಿ ಉಳಿದ ಮೇಲೂ ಈ ಕಾನೂನು ಜಾರಿಯಲ್ಲಿತ್ತು.

ಅಕ್ಕನ ಕೋಣೆ ಮೊದಲನೇ ಪ್ಲಾಟ್‌ಫಾರಂನ ಮೇಲೆ, ಗಾಜಿನ ಕಿಟಕಿಯ ಹಿಂದೆ. ಉದ್ದ ಕತ್ತಿನ ಮೈಕು, ಬಿಸಿನೀರಿನ ಫ್ಲಾಸ್ಕು, ಗಂಟಲಿಗೆ ಚಪ್ಪರಿಸುವ ಗುಳಿಗೆಗಳ ಡಬ್ಬಿ. ಈಚೆಗೆ ಡಬ್ಬಿ ಬೇಗ ಬೇಗ ಖಾಲಿಯಾಗುತ್ತಿತ್ತು. ಮೈಕಿನ ಸ್ವಿಚ್ ಒತ್ತುವ ಮುಂಚೆ ಅಕ್ಕ ಮೂರು ಸಲ ಕೆಮ್ಮಿ ಗಂಟಲು ಸರಿಮಾಡಿಕೊಳ್ಳಬೇಕಾಗಿತ್ತು. "ಧೂಳು ಕಣೇ," ಎನ್ನುತ್ತಿದ್ದಳು. ಮೇಲಧಿಕಾರಿಯೊಬ್ಬರು "ಏನಮ್ಮಾ, ಗಾಡಿಗಿಂತ ಮುಂಚೆ ನಿಮ್ಮ ಗಂಟಲೇ ಹಳಿ ತಪ್ತಿದೆ" ಎಂದು ನಗಾಡಿ ಹೋಗಿದ್ದರಂತೆ.

"ಕಣ್ಮುಚ್ಚಿ ಕೇಳು," ಎಂದು ಇಸ್ತ್ರಿ ಅವಳ ಕಿವಿಗೆ ಇಯರ್‌ಫೋನ್ ಸಿಕ್ಕಿಸಿದಳು.

ಅಕ್ಕ ಕೇಳಿದಳು. ನಗುತ್ತಾಳೆಂದು ಇಸ್ತ್ರಿ ಕಾಯುತ್ತಿದ್ದಳು. ಅಕ್ಕನ ಮುಖ ಬಿಳಿಚಿಕೊಂಡಿತು. ಇಯರ್‌ಫೋನ್ ಕಿತ್ತು ಕೈಯಲ್ಲಿ ಹಿಡಿದು, ಅದರೊಳಗೆ ಯಾರೋ ಇದ್ದಾರೇನೋ ಎನ್ನುವ ಹಾಗೆ ನೋಡಿದಳು.

"ಇದೆಲ್ಲಿ ಸಿಕ್ತು ನಿಂಗೆ? ಹಳೇ ಟೇಪಾ?"

"ಟೇಪಲ್ಲ ಅಕ್ಕ. ನಿನ್ನದೇ ಗಂಟಲು. ಸ್ಕ್ಯಾನ್ ತೆಗೆದ್ವಲ್ಲ, ಅದರದ್ದೇ."

"ಅಂದ್ರೆ ನನ್ನ ಈಗಿನ ಗಂಟಲು?"

"ಹೂಂ."

"ಈಗಿನ ಗಂಟಲಿಗೆ ಗಾಳಿ ಬಿಟ್ರೆ ಈ ಧ್ವನಿ ಬರತ್ತಾ?"

"ಬಂತಲ್ಲ ನೋಡು!"

ಅಕ್ಕ ಇಯರ್‌ಫೋನನ್ನು ಮೇಜಿನ ಮೇಲಿಟ್ಟಳು. ಆಮೇಲೆ ಆ ಗೊರಗೊರ ಧ್ವನಿಯಲ್ಲೇ, ಮಗುವಿನಂತೆ ಕೇಳಿದಳು. "ನಾನು ಬಿಡ್ತಿರೋದೂ ಗಾಳೀನೇ ಅಲ್ವೇನೇ? ಮತ್ತೆ ನಂಗ್ಯಾಕೆ ಬರ್ತಿಲ್ಲ?"

ನೆಗಡಿ ಎಂಬ ಉತ್ತರ ಇಸ್ತ್ರಿಯ ನಾಲಗೆಯ ತುದಿಯಲ್ಲೇ ಇತ್ತು. ಅದು ಅಲ್ಲೇ ಒಣಗಿತು. ತಿಂಗಳುಗಟ್ಟಲೆ ಯಾರಿಗೆ ನೆಗಡಿ ಇರುತ್ತದೆ? ಒಂದೇ ಮನೆಯಲ್ಲಿ, ಒಂದೇ ಮೇಜಿನಲ್ಲಿ ಉಣ್ಣುತ್ತಿದ್ದೂ ಅವಳಿಗೆ ಇದು ಹೊಳೆದಿರಲಿಲ್ಲ. ಯಂತ್ರದ ಗಂಟಲಿಗೂ ಅಕ್ಕನ ಗಂಟಲಿಗೂ ಇರುವ ವ್ಯತ್ಯಾಸ ಒಂದೇ ಒಂದು. ಆ ಗಂಟಲಿಗೆ ಅವಳು ಇಸ್ತ್ರಿ ಹೊಡೆದಿದ್ದಳು. ಕೆಳಗೆ ಯಾವುದೋ ಗಾಡಿ ಬಂದು ನಿಂತಿತು, ಕೋಣೆಯ ಗಾಜು ನಡುಗಿತು.

"ಆಮೇಲೆ ಬರ್ತೀನಿ ಅಕ್ಕ," ಎಂದವಳೇ ಮೆಟ್ಟಿಲಿಳಿದು ಓಡಿದಳು.

ಪ್ರಯೋಗಶಾಲೆಯಲ್ಲಿ ಅವಳು ಅಕ್ಕನ ಹಸಿ ಸ್ಕ್ಯಾನನ್ನು ತೆರೆದಳು, ಇನ್ನೂ ಯಾರ ಕೈಯೂ ತಾಗದ ಚಿತ್ರವನ್ನು. ಬಲಮಡಿಕೆ ಚೊಕ್ಕಟವಾಗಿತ್ತು. ಎಡಮಡಿಕೆಯ ಅಂಚಿನಲ್ಲಿ, ನಡುವಿಗಿಂತ ಕೊಂಚ ಮುಂದಕ್ಕೆ, ಒಂದು ಉಬ್ಬು. ಮೆಣಸಿನ ಕಾಳಿನಷ್ಟೂ ಇರಲಿಲ್ಲ. ಅವಳಿಗೆ ನೆನಪಾಯಿತು. ಇದನ್ನು ಅವಳು ನೋಡಿದ್ದಳು. ನೋಡಿ, "ಅಯ್ಯೋ ಅಕ್ಕ, ಕೆಮ್ಮದೆ ಮಲಗೋಕಾಗಲ್ವಾ ನಿಂಗೆ?" ಎಂದು ಮನಸ್ಸಿನಲ್ಲೇ ಬೈದುಕೊಂಡು, ಎಡಮಡಿಕೆಯನ್ನೇ ಅಳಿಸಿ, ಬಲದ ಮಡಿಕೆಯನ್ನು ತಿರುಗಿಸಿ ಅಂಟಿಸಿದ್ದಳು. ಅವತ್ತು ಸಂಜೆ ಬೇಗ ಮನೆಗೆ ಹೋಗಿ ಅಕ್ಕನ ಜೊತೆ ಟಿವಿ ನೋಡಿದ್ದಳು.

ಆ ಸ್ಕ್ಯಾನನ್ನು ಯಾವ ಡಾಕ್ಟರೂ ನೋಡಿರಲಿಲ್ಲ. ನೋಡುವ ಕಾರಣವೂ ಇರಲಿಲ್ಲ, ಅದು ರೋಗಿಯ ಚಿತ್ರವಲ್ಲ, ಸಂಶೋಧನೆಯದು. ಅದನ್ನು ಕಂಡ ಕಣ್ಣು ಪ್ರಪಂಚದಲ್ಲಿ ಎರಡೇ, ಎರಡೂ ಅವಳವೇ.

ಇದು ಅಲುಗಾಟದ ಸುಕ್ಕೇ ಇರಬಹುದು ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡು, ಇಸ್ತ್ರಿ ಹೊಡೆಯದ ಹಸಿ ಗಂಟಲಿಗೇ ಒರಟು ಬಲೆ ಹೊದಿಸಿ ಗಾಳಿ ಬಿಟ್ಟಳು. ಒರಟು ಬಲೆಯಾದ್ದರಿಂದ ಲೆಕ್ಕ ಬೇಗ ಮುಗಿಯುತ್ತದೆ. ಮರುದಿನ ಊಟದ ಹೊತ್ತಿಗೆ ಮುಗಿಯಿತು. ಲೆಕ್ಕ ಮಗುಚಿಕೊಳ್ಳಲಿ, ಬಾಗಿಲಿನ ಹಾಗೆ ಕಿರುಗುಟ್ಟಲಿ ಎಂದು ಅವಳು ಕಂಡಕಂಡ ದೇವರನ್ನೆಲ್ಲ ಬೇಡಿಕೊಂಡಳು. ಅಂಥ ಪ್ರಾರ್ಥನೆ ಆ ಪ್ರಯೋಗಶಾಲೆಯಲ್ಲಿ ಅದೇ ಮೊದಲು.

ಲೆಕ್ಕ ಮಗುಚಿಕೊಳ್ಳಲಿಲ್ಲ. ಪರದೆಯ ಮೇಲೆ ಗಾಳಿ ಮೇಲೇರಿತು, ಎಡಕ್ಕೆ ಆ ಉಬ್ಬು ತಗುಲಿ ಸೀಳಿತು, ಮಡಿಕೆಗಳು ಪೂರ್ತಿ ಮುಚ್ಚಲಾರದೆ ಸಂದಿಯಲ್ಲಿ ಗಾಳಿ ಸೋರಿತು. ಸ್ಪೀಕರಿನಿಂದ ಅಕ್ಕ 'ಆ' ಎಂದಳು. ಗೊರಗೊರ. ನಡುವೆ ದಾರ ತುಂಡಾಯಿತು, ಮತ್ತೆ ಸೇರಿಕೊಂಡಿತು. ಅಕ್ಕ ಮೈಕಿನ ಮುಂದೆ ಹೇಳಿದ್ದೂ ಇದೂ ಒಂದೇ, ಕಡಿದ ಜಾಗ ಕೂಡ ಒಂದೇ.

ಹಿಂದೆ ನಿಂತಿದ್ದ ಗಾಳಿ ಮೇಷ್ಟ್ರ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ಗಾಳಿಯ ಬಗ್ಗೆ ಮಾತಾಡಲು ಸಿಕ್ಕ ಅವಕಾಶವನ್ನು ಅವರು ಬಿಟ್ಟದ್ದು ಅದೊಂದೇ ಸಲ.

"ನೆಗಡಿ ಅಲ್ಲ," ಎಂದರು ಕೊನೆಗೆ, ತುಂಬ ಮೆಲ್ಲಗೆ. "ಅಮ್ಮಾ, ಇವತ್ತೇ ಕರ್ಕೊಂಡು ಹೋಗು."

ಗಂಟಲಿನ ಡಾಕ್ಟರಮ್ಮ ಅಕ್ಕನ ಮೂಗಿನಿಂದ ಸಣ್ಣ ಕೊಳವೆ ಇಳಿಸಿ ನೋಡಿದರು, ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದ ದಿನ ಇಬ್ಬರನ್ನೂ ಕೂರಿಸಿಕೊಂಡರು. ಮಾತನ್ನು ಸುತ್ತಿ ಬಳಸಿ ಆಡುವ ಹೆಂಗಸಲ್ಲ ಆಕೆ.

"ಕ್ಯಾನ್ಸರ್. ಜೀವಕ್ಕೆ ಹೆದರ್ಬೇಡಿ, ಕುತ್ತಿಗೆಗೆ ಹರಡಿಲ್ಲ. ಆದ್ರೆ ಒಳಗಿನ ಮಾಂಸಕ್ಕೆ ಇಳಿದಿದೆ. ಎಡಮಡಿಕೆ ಬಹುಪಾಲು ತೆಗೀಬೇಕು. ಧ್ವನಿ ಮೊದಲಿನ ಹಾಗೆ ಬರೋದಿಲ್ಲ."

ಅಕ್ಕ ಮೇಜಿನ ಅಂಚು ಹಿಡಿದುಕೊಂಡಳು. "ಎಷ್ಟು ಬರತ್ತೆ?"

"ಪಕ್ಕದಲ್ಲಿ ಕೂತವರಿಗೆ ಕೇಳಿಸೋಷ್ಟು."

ಆಮೇಲೆ ಡಾಕ್ಟರಮ್ಮ ಇಸ್ತ್ರಿ ತಂದಿದ್ದ ಸ್ಕ್ಯಾನನ್ನು ಪರದೆಗೆ ಹಾಕಿ ಮೂಲೆಯಲ್ಲಿದ್ದ ತಾರೀಖಿಗೆ ಕಣ್ಣು ಕಿರಿದು ಮಾಡಿದರು. "ಇದು ಯಾವಾಗ ತೆಗೆಸಿದ್ದು? ಸೆಕೆಗಾಲದಲ್ಲಾ? ಛೆ! ಆಗಿನ್ನೂ ಮೇಲ್ಮೇಲೆ ಇತ್ತು ನೋಡಿ. ಆಗ್ಲೇ ಬಂದಿದ್ರೆ ಒಂದಿಷ್ಟು ಹೆರೆದು ಬಿಟ್ಟಿದ್ರೆ ಸಾಕಾಗಿತ್ತು. ಧ್ವನಿ ಉಳೀತಿತ್ತು."

ಇಸ್ತ್ರಿ ಕುರ್ಚಿಯಲ್ಲಿ ಮುಂದಕ್ಕೆ ಸರಿದಳು. ಹೇಳಬೇಕು, ಈಗಲೇ ಹೇಳಬೇಕು ಎಂದುಕೊಂಡಳು. ಅಷ್ಟರಲ್ಲಿ ಅಕ್ಕ ಅವಳ ಭುಜ ಹಿಡಿದು ಡಾಕ್ಟರಮ್ಮನಿಗೆ ಹೇಳಿದಳು: "ಈಗ್ಲಾದ್ರೂ ಗೊತ್ತಾಗಿದ್ದು ಇವಳಿಂದ ಡಾಕ್ಟ್ರೇ. ನನ್ನ ತಂಗಿ. ಲೆಕ್ಕದಲ್ಲೇ ಹಿಡಿದ್ಬಿಟ್ಲು!"

ಆ ಕೈ ಭುಜದ ಮೇಲಿರುವಾಗ ಇಸ್ತ್ರಿಗೆ ಬಾಯಿ ಬಿಡಲಾಗಲಿಲ್ಲ. ಆಪರೇಷನ್ನಿಗೆ ಸೇರುವವರೆಗೂ ಅಕ್ಕ ಎದುರು ಬಂದ ನರ್ಸಿಗೆ, ಪಕ್ಕದ ಹಾಸಿಗೆಯವರಿಗೆ, ಟ್ರಾಲಿ ತಳ್ಳುವವನಿಗೂ ಅದನ್ನೇ ಹೇಳಿದಳು. ನೋಡಲು ಬಂದ ಗಾಳಿ ಮೇಷ್ಟ್ರು "ಆಪರೇಷನ್ ಆದ್ಮೇಲೆ ಧ್ವನಿ ಹೇಗಿರತ್ತೆ ಅಂತ ನಾವು ಮೊದಲೇ ಲೆಕ್ಕ ಹಾಕಿ ಕೇಳಿಸಬಹುದು" ಎಂದಾಗ ಅಕ್ಕ ತಲೆಯಾಡಿಸಿದಳು. "ಬೇಡ ಸರ್. ಅದನ್ನ ನಾನೇ ಹೇಳ್ತೀನಿ."

ಆಪರೇಷನ್ ಆಯಿತು. ಗಾಯ ಮಾಯುವವರೆಗೆ ಪಿಸುಮಾತೂ ಕೂಡದು ಎಂದು ಡಾಕ್ಟರಮ್ಮ ಕಟ್ಟಪ್ಪಣೆ ಮಾಡಿದರು. ಅಕ್ಕನನ್ನು ಮನೆಗೆ ಕರೆತಂದದ್ದಾಯಿತು. ಬೆಳಗಾದರೆ ರೇಡಿಯೋಗಿಂತ ಮೊದಲು ಅಕ್ಕನ ಮಾತು ಶುರುವಾಗುತ್ತಿದ್ದ ಮನೆ ಅದು. ಈಗ ಚಮಚ ಕೆಳಗಿಟ್ಟರೂ ಸದ್ದು ದೊಡ್ಡದಾಗಿ ಕೇಳುತ್ತಿತ್ತು. ಬೇಕಾದದ್ದನ್ನು ಅಕ್ಕ ಫೋನಿನಲ್ಲಿ ಒತ್ತಿ ತೋರಿಸುತ್ತಿದ್ದಳು: 'ನೀರು', 'ಕಿಟಕಿ ಹಾಕು', 'ನೀನು ಯಾಕೆ ಉಣ್ತಿಲ್ಲ?'

ಆ ಮೂರನೆಯದನ್ನು ಓದಿದ ದಿನ ಇಸ್ತ್ರಿಗೆ ತಡೆಯಲಾಗಲಿಲ್ಲ. ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು, ಅಕ್ಕನ ಮಂಚದ ಅಂಚಿನಲ್ಲಿ ಕೂತು, ಎಲ್ಲವನ್ನೂ ಹೇಳಿದಳು. "ಅದನ್ನ ನಾನು ಅವತ್ತೇ ನೋಡಿದ್ದೆ ಅಕ್ಕ. ಸುಕ್ಕು ಅಂದ್ಕೊಂಡೆ. ನೀನು ಕೆಮ್ಮಿದೀಯ ಅಂತ ನಿನ್ನನ್ನೇ ಬೈಕೊಂಡೆ. ಅಳಿಸಿದ್ದು ನಾನೇ. ನಾನು ಹಿಡೀಲಿಲ್ಲ ಅಕ್ಕ, ನಾನು ಮುಚ್ಚಿದೆ."

ಹೇಳಿ ಮುಗಿಸಿದ ಮೇಲೆ ಅವಳಿಗೆ ಹೊಳೆಯಿತು, ಉತ್ತರ ಕೊಡಲಾರದ ಹೊತ್ತು ನೋಡಿಯೇ ಹೇಳಿದ ಹಾಗಾಯಿತಲ್ಲ ಎಂದು. ಅಕ್ಕನ ಕಣ್ಣುಗಳು ಅಗಲವಾಗಿ ತೆರೆದಿದ್ದವು. ಗರಬಡಿದವಳಂತೆ ತಂಗಿಯನ್ನೇ ನೋಡಿದಳು. ಎಷ್ಟೋ ಹೊತ್ತಿನ ಮೇಲೆ ಫೋನ್ ಎತ್ತಿಕೊಂಡಳು, ಬೆರಳು ಅದರ ಮೇಲೆ ನಿಂತಿತು, ಒಂದಕ್ಷರವನ್ನೂ ಒತ್ತದೆ ಅದನ್ನು ದಿಂಬಿನ ಕೆಳಗೆ ತಳ್ಳಿ ಗೋಡೆ ಕಡೆ ತಿರುಗಿ ಮಲಗಿದಳು.

ಅಲ್ಲಿಂದಾಚೆಗೆ ಆ ಫೋನ್ ಹೊರಗೆ ಬರಲಿಲ್ಲ. ನೀರು ಬೇಕಾದರೆ ಅಕ್ಕ ತಾನೇ ಎದ್ದು ಹೋಗಿ ಕುಡಿದಳು. ಇಸ್ತ್ರಿ ಬಡಿಸಿದ್ದನ್ನು ತಿಂದಳು, ತಲೆ ಎತ್ತಿ ನೋಡಲಿಲ್ಲ. ಬೈದಿದ್ದರೆ, ತಟ್ಟೆ ಎಸೆದಿದ್ದರೆ ಇಸ್ತ್ರಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲ. ಪ್ರಯೋಗಶಾಲೆಯಲ್ಲಿ ಹೊಸ ಸ್ಕ್ಯಾನುಗಳು ರಾಶಿ ಬಿದ್ದಿದ್ದವು, ಅವಳು ಒಂದು ಸುಕ್ಕನ್ನೂ ಮುಟ್ಟಲಾರದೆ ಪರದೆಯ ಮುಂದೆ ಕೂತು ಎದ್ದು ಬರುತ್ತಿದ್ದಳು.

ಕೊನೆಗೆ ಡಾಕ್ಟರಮ್ಮ "ಇನ್ನು ಮಾತಾಡಬಹುದು, ಮೆಲ್ಲಗೆ" ಎಂದ ದಿನ ಬಂತು. ಆಸ್ಪತ್ರೆಯಲ್ಲಿ ಅಕ್ಕ ಬಾಯಿ ತೆರೆಯಲಿಲ್ಲ. ಬಸ್ಸಿನಲ್ಲೂ ಇಲ್ಲ. ಮನೆಗೆ ಬಂದು, ಚಪ್ಪಲಿ ಬಿಟ್ಟು, ಕುರ್ಚಿ ಎಳೆದುಕೊಂಡು ಕೂತು, ಎದುರಿನ ಕುರ್ಚಿಯನ್ನು ಕಾಲಿನಿಂದ ತಳ್ಳಿ ತಂಗಿಗೆ ಕೂರುವಂತೆ ಸನ್ನೆ ಮಾಡಿದಳು.

"ಆ," ಎಂದಳು.

ಅದು ಧ್ವನಿಯೇ ಅಲ್ಲ. ಹಳೇ ಬಟ್ಟೆ ಹರಿದ ಸದ್ದು. ಗಾಳಿಯೇ ಮುಕ್ಕಾಲು, ಉಳಿದ ಕಾಲು ಯಾರದೋ ಏನೋ. ಆಗಲೇ ಎಲ್ಲವನ್ನೂ ಕೇಳಿಬಿಟ್ಟಿದ್ದೇನೆ, ಇನ್ನು ಬೆಚ್ಚುವಂಥದ್ದೇನೂ ಉಳಿದಿಲ್ಲ ಎಂದುಕೊಂಡಿದ್ದ ಇಸ್ತ್ರಿ ಕುರ್ಚಿಯ ಕೈ ಹಿಡಿದುಕೊಂಡಳು.

"ಕೇಳಿಸ್ತಾ?"

"ಕೇಳಿಸ್ತು ಅಕ್ಕ."

"ಕೋಪ ಇದೆ ನಂಗೆ." ಒಂದೊಂದು ಮಾತಿಗೂ ಅಕ್ಕ ಹೊಸದಾಗಿ ಉಸಿರು ತುಂಬಿಕೊಳ್ಳಬೇಕಾಗಿತ್ತು. "ತುಂಬಾ ಇದೆ. ಇಷ್ಟು ದಿನ ಒಳಗೇ ಕುದ್ದಿದೀನಿ. ಈ ದಿನ ಬರ್ಲಿ, ಬೀದಿಗೆಲ್ಲ ಕೇಳೋ ಹಾಗೆ ಬೈತೀನಿ ಅಂತ ಕಾಯ್ಕೊಂಡಿದ್ದೆ." ಉಸಿರು ತಪ್ಪಿ ನಿಲ್ಲಿಸಿದಳು. ಕಣ್ಣಲ್ಲಿ ನೀರು ಬಂತು. "ನೋಡು. ಬೈಯೋ ಧ್ವನೀನೇ ನೀನು ಉಜ್ಜಿ ಹಾಕಿದೀಯ."

ಇಸ್ತ್ರಿ ಮುಖ ಮುಚ್ಚಿಕೊಂಡಳು. ಅಕ್ಕ ಅವಳ ಕೈಯನ್ನು ಮುಖದಿಂದ ಬಿಡಿಸಿದಳು, ಒರಟಾಗಿಯೇ ಬಿಡಿಸಿದಳು.

"ನಿನ್ನ ಫೋನಲ್ಲಿದೆಯಲ್ಲ ಆ 'ಆ', ಅದನ್ನ ಅಳಿಸು."

"ಅಕ್ಕ, ಅದೊಂದು ಇರ್ಲಿ..."

"ಅದು ನಾನಲ್ಲ. ನೀನು ಮಾಡಿದ್ದು."

ಇಸ್ತ್ರಿ ಅಳಿಸಿದಳು. ಪ್ರಯೋಗಶಾಲೆಯ ಪ್ರತಿಯನ್ನು ತಪ್ಪು ಲೆಕ್ಕವೆಂದು ಗಾಳಿ ಮೇಷ್ಟ್ರು ಆಗಲೇ ಅಳಿಸಿಹಾಕಿದ್ದರು. ಆ ಧ್ವನಿ ಭೂಮಿಯ ಮೇಲೆ ಇನ್ನೆಲ್ಲಾದರೂ ಇದ್ದರೆ ಸ್ಟೇಷನ್ನಿನ ಕಬ್ಬಿಣದ ಚಾವಣಿಯಲ್ಲಿ ಹಳೇ ಪ್ರತಿಧ್ವನಿಯಾಗಿ ಇರಬೇಕು, ಅಷ್ಟೇ. ಅವಳು ಫೋನ್ ಕೆಳಗಿಡುವವರೆಗೂ ಅಕ್ಕ ನೋಡಿದಳು. ಎದ್ದು ನಿಂತಳು. ಸೊಂಟದ ಮೇಲೆ ಕೈಯಿಟ್ಟುಕೊಂಡಳು. ಗಂಟಲು ಸರಿಮಾಡಿಕೊಳ್ಳಲು ಹೋಗಿ, ಅದರಿಂದ ಇನ್ನು ಪ್ರಯೋಜನವಿಲ್ಲವೆಂದು ನೆನಪಾಗಿ ಬಿಟ್ಟುಬಿಟ್ಟಳು. ಆಮೇಲೆ ಆ ಹರಿದ ಧ್ವನಿಯಲ್ಲೇ, ಸ್ಟೇಷನ್ನಿನ ಧಾಟಿ ಒಂದಿಷ್ಟೂ ತಪ್ಪದ ಹಾಗೆ ಹೇಳಿದಳು:

"ಅಡಚಣೆಗಾಗಿ..."

ಇಸ್ತ್ರಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಮುಂದಿನ ಮಾತು ತನ್ನದು. ಅದೊಂದನ್ನು ಹೇಳಿದರೆ ಮುಗಿಯಿತು, ಈ ಮನೆಯಲ್ಲಿ ಆ ಮಾತನ್ನು ಇನ್ನು ಯಾರೂ ಎತ್ತುವ ಹಾಗಿಲ್ಲ. ಅವಳು ತಲೆ ತಗ್ಗಿಸಿ ಬಾಯಿ ತೆರೆದಳು. ಎದೆಯಿಂದ ಗಾಳಿ ಬಂತು, ಗಂಟಲು ದಾಟಿತು, ತುಟಿಯಾಚೆಗೂ ಹೋಯಿತು. ಧ್ವನಿ ಬರಲಿಲ್ಲ.

ಅಕ್ಕ ಸೊಂಟದ ಮೇಲಿನ ಕೈ ತೆಗೆಯದೆ ಕಾಯುತ್ತಾ ನಿಂತಿದ್ದಳು.